ಲೊಂಟೊಂಗ್ ಊಟ ಬಿಟ್ಟ ಒಂಬತ್ತು ವಾರ

"ಎಲ್ಲಿ ನನ್ನ ಹಾವು?"

ಆರು ತಿಂಗಳ ಮೇಲೆ ಬಾಗಿಲಲ್ಲಿ ಬಂದು ನಿಂತ ಸೆನೊ ಆಡಿದ ಮೊದಲ ಮಾತು ಇದು!

ಆಗಷ್ಟೇ ಮಿಷನ್ ನಿಲ್ಲಿಸಿ ದಾರ ಕತ್ತರಿಸುತ್ತಿದ್ದ ವೆನಿಂಗ್‌ಳ ಕೈಯಲ್ಲಿ ಕತ್ತರಿ ಹಾಗೇ ನಿಂತಿತು. ಕಪ್ಪಾಗಿದ್ದಾನೆ, ಇಳಿದೂ ಹೋಗಿದ್ದಾನೆ. ಹೆಗಲ ಚೀಲವನ್ನೂ ಇಳಿಸಿಲ್ಲ. ಹಡಗಿನಿಂದ ಇಳಿದವನು ನೇರವಾಗಿ ಇಲ್ಲಿಗೇ ಬಂದಿರಬೇಕು... ನನಗಾಗಿ ಅಲ್ಲ, ಹಾವಿಗಾಗಿ!

"ನಿಮ್ಮ ಹಾವನ್ನ ನಾನೇನು ಸಾರು ಮಾಡಿಕೊಂಡು ತಿಂದಿಲ್ಲ, ಮಾಸ್. ಇಟ್ಟು ಹೋದ ಜಾಗದಲ್ಲೇ ಇದೆ."

ಅಡುಗೆಮನೆಯಲ್ಲಿ ಸೋಯಾ ಕಾಳಿನ ಟೆಂಪೆ ಬಿಲ್ಲೆ ಕರಿಯುತ್ತಿದ್ದ ತಾಯಿ ಮಾರ್ಸಿಹ್ ಅಲ್ಲಿಂದಲೇ ಕೂಗಿದಳು. "ಯಾರೇ ಅದು, ಸೆನೊನಾ? ಒಳಗೆ ಕರಿಯೇ! ಅವನೇನು ಗ್ಯಾಸ್ ತಂದವನಾ, ಬಾಗಿಲಲ್ಲೇ ನಿಲ್ಲಿಸಿಕೊಳ್ಳೋಕೆ?"

ಜಾವಾದ ಮಲಾಂಗ್ ಊರಿನ ಆ ಇಕ್ಕಟ್ಟು ಗಲ್ಲಿಯಲ್ಲಿ ಮದುವೆಯ ಕೆಬಾಯ ರವಿಕೆಗಳನ್ನು ಹೊಲಿಯುವವಳು ವೆನಿಂಗ್. ಎರಡು ಮನೆ ಆಚೆ ಬಾಡಿಗೆಗಿದ್ದ, ಅವಳು ಗೌರವದಿಂದ 'ಮಾಸ್' ಎಂದೇ ಕರೆಯುತ್ತಿದ್ದ ಸೆನೊ, ಸಮುದ್ರದಾಚೆಯ ಬಾಲಿಕ್‌ಪಾಪನ್ ಬಂದರಿನ ಕೆಲಸಕ್ಕೆ ಹೊರಟಾಗ ತನ್ನ ಪುಟ್ಟ ಹೆಬ್ಬಾವನ್ನು ಅವಳ ಕೈಗೆ ಒಪ್ಪಿಸಿದ್ದ. ಸುರುಳಿ ಸುತ್ತಿ ಮಲಗಿದರೆ ಬಾಳೆಲೆಯಲ್ಲಿ ಬೇಯಿಸಿದ ಅನ್ನದ ಕಡುಬಿನಂತೆ ಕಾಣುತ್ತದೆಂದು ಅದಕ್ಕೆ ಲೊಂಟೊಂಗ್ ಎಂದು ಹೆಸರಿಟ್ಟವಳೂ ಅವಳೇ.

"ನಾಲ್ಕೇ ತಿಂಗಳು. ಇದನ್ನ ಚೆನ್ನಾಗಿ ನೋಡಿಕೋ," ಎಂದಿದ್ದ ಅಂದು. ಇನ್ನೇನೋ ಹೇಳುತ್ತಾನೆಂದು ಅವಳು ಕಾದಿದ್ದಳು. ಹೇಳಿರಲಿಲ್ಲ.

ಆಮೇಲೆ ದಿನಾ ಸಂಜೆ ಮೊಬೈಲಿಗೆ ಒಂದೇ ಸಾಲು. 'ಲೊಂಟೊಂಗ್ ಊಟ ಆಯ್ತಾ?'

ಒಂದು ದಿನವಾದರೂ 'ನೀನು ಹೇಗಿದ್ದೀಯಾ' ಎಂದು ಕೇಳಿದ್ದರೆ... ಊಹೂಂ!

ಸೆನೊ ಒಳಗೆ ಬಂದ. ಮೊದಲು ಅವನ ಕಣ್ಣಿಗೆ ಬಿದ್ದದ್ದು ಹಾವಲ್ಲ, ಗೋಡೆಗೆ ತೂಗುಹಾಕಿದ್ದ ಬಿಳಿ ಕೆಬಾಯ. ಮುತ್ತು ಕೂರಿಸಿದ ಮದುವೆಯ ಕೆಬಾಯ. ಅವನ ಮುಖ ಒಮ್ಮೆಲೇ ಬಾಡಿತು.

"ಓ... ಗೊತ್ತಿರಲಿಲ್ಲ," ಎಂದ ಮೆಲ್ಲಗೆ. "ಶುಭವಾಗಲಿ, ವೆನಿಂಗ್."

ಇವನಿಗೆ ಅದು ನನ್ನದು ಅನ್ನಿಸಿತಾ? ಅನ್ನಿಸಲಿ! ಆರು ತಿಂಗಳು ನಾನು ಬೆಂದಿದ್ದೇನೆ, ಒಂದು ಗಳಿಗೆ ಇವನೂ ಬೇಯಲಿ... ಅವಳು ಮತ್ತೆ ಕತ್ತರಿ ಆಡಿಸತೊಡಗಿದಳು.

ಅವನು ಕಿಟಕಿಯ ಬಳಿಯ ಉದ್ದನೆಯ ಮೇಜಿನ ಮೇಲಿದ್ದ ಗಾಜಿನ ಪೆಟ್ಟಿಗೆಯತ್ತ ಬಾಗಿದ. ಬಾಗಿದವನು ಬೆಚ್ಚಿಬಿದ್ದ.

ಹಗಲೆಲ್ಲ ಮುದುಡಿ ಮಲಗಬೇಕಾದ ಹಾವು ಮೂಲೆಯಿಂದ ಮೂಲೆಗೆ ಹರಿದಾಡುತ್ತಿತ್ತು. ಮೂತಿಯಿಂದ ಮುಚ್ಚಳ ನೂಕುತ್ತಿತ್ತು. ಮೂತಿಯ ತುದಿ ಉಜ್ಜಿ ಉಜ್ಜಿ ಕೆಂಪಾಗಿತ್ತು.

"ಇದೇನಿದು ವೆನಿಂಗ್?!"

"ಊಟ ಬಿಟ್ಟು ಒಂಬತ್ತು ವಾರ ಆಯ್ತು. ಇಲಿ ಇಟ್ಟರೆ ಮುಖ ತಿರುಗಿಸುತ್ತೆ. ನಿಮ್ಮ ನೆನಪಲ್ಲೇ ಕೊರಗ್ತಿದೆ ಅಂತಾರೆ ಗಲ್ಲಿಯವರೆಲ್ಲ."

"ಮತ್ತೆ ದಿನಾ 'ಆಯ್ತು' ಅಂತ ಯಾಕೆ ಬರೆದೆ?"

"ಅಷ್ಟು ದೂರದಲ್ಲಿ ಕೂತು ನೀವೇನು ಮಾಡೋಕಾಗ್ತಿತ್ತು? ನಿದ್ದೆ ಬಿಡ್ತಿದ್ರಿ, ಅಷ್ಟೇ!"

ಅವನು ಪೆಟ್ಟಿಗೆಯೊಳಗೆ ಕೈಯಿಟ್ಟು ಬಿಸಿ ನೋಡಿದ. ನೀರು ನೋಡಿದ, ಚರ್ಮ ಸವರಿ ಹುಳ ಹುಡುಕಿದ. ಎಲ್ಲವೂ ಸರಿಯಾಗಿಯೇ ಇತ್ತು.

"ಇವತ್ತೇ ತಗೊಂಡು ಹೋಗ್ತೀನಿ. ಹೇಗೂ ನಿನಗೆ ಇನ್ನು ಪುರುಸೊತ್ತಿರೋದಿಲ್ಲ..."

ಹಾವು ಹೋದರೆ ದಿನದ ಆ ಒಂದು ಸಾಲೂ ಹೋಯಿತು. ಇನ್ನು ಯಾವ ನೆಪದಲ್ಲಿ ಈ ಹೊಸ್ತಿಲು ತುಳಿಯುತ್ತಾನೆ ಇವನು?

ಕಣ್ಣೀರು ಕಂಡೀತೆಂದು ವೆನಿಂಗ್ ತಟಕ್ಕನೆ ತಿರುಗಿ, ಅದೇ ಮೇಜಿನ ಇನ್ನೊಂದು ತುದಿಯಲ್ಲಿದ್ದ ಹೊಲಿಗೆ ಮಿಷನ್ ಮುಂದೆ ಕೂತಳು. ಯಾವುದೋ ಬಟ್ಟೆ ಎಳೆದು ಸೂಜಿಯ ಕೆಳಗೆ ತಳ್ಳಿ ಪೆಡಲ್ ಒತ್ತಿದಳು.

ಗರ್‍ರ್... ಗರ್‍ರ್...

ಲೊಂಟೊಂಗ್ ಏಟು ತಿಂದಂತೆ ಹಿಂದಕ್ಕೆ ಸೆಳೆದುಕೊಂಡಿತು!

"ನಿಲ್ಲಿಸು!" ಸೆನೊ ಮೇಜಿನ ಮೇಲೆ ಅಂಗೈ ಊರಿದ. "ಈಗ ಮತ್ತೆ ಒತ್ತು."

ಒತ್ತಿದಳು. ಹಾವು ಮೂತಿಯನ್ನು ಗಾಜಿಗೆ ಗುದ್ದಿತು.

"ಭಾನುವಾರ ಹೊಲಿಯೋದಿಲ್ಲ ಅಲ್ವಾ ನೀನು? ಅವತ್ತು ಹೇಗಿರುತ್ತೆ?"

"ಭಾನುವಾರ..." ಅವಳು ನೆನಪಿಸಿಕೊಂಡಳು. "ಸುಮ್ಮನೆ ಮಲಗಿರುತ್ತೆ."

"ಹಾವಿಗೆ ಹೊಟ್ಟೆಯೇ ಕಿವಿ, ವೆನಿಂಗ್. ನಿನ್ನ ಮಿಷನ್ನಿನ ನಡುಕ ಈ ಹಲಗೆ ಹಿಡಿದು ದಿನಾ ಅದರ ಮೈಗೆ ಇಳಿದಿದೆ. ನನಗಾಗಿ ಕೊರಗಿಲ್ಲ ಪಾಪ, ಓಡಿಹೋಗೋಕೆ ದಾರಿ ಹುಡುಕಿದೆ." ಅವನ ಹುಬ್ಬು ಗಂಟಿಕ್ಕಿತು. "ಮಿಷನ್ ಹಿಂದಿನ ಕೋಣೆಯಲ್ಲಿತ್ತಲ್ಲ? ಇಲ್ಲಿಗೆ ಯಾವಾಗ ತಂದೆ?"

ಅವಳು ತಲೆ ತಗ್ಗಿಸಿದಳು.

"ಒಂಬತ್ತು ವಾರ ಆಯ್ತು..."

"ಯಾಕೆ?"

"ಬೆಳಕಿಗೆ."

"ಬೆಳಕಂತೆ ಬೆಳಕು!" ಅಡುಗೆಮನೆಯಿಂದ ಸಟ್ಟುಗ ಬಡಿದ ಸದ್ದು. "ನಾಲ್ಕು ತಿಂಗಳು ತುಂಬಿದ ದಿನ ಬೆಳಗ್ಗೇನೇ ಒಬ್ಬಳೇ ಹೊತ್ತುಕೊಂಡು ಬಂದಳು. ಹಿಂದಿನ ಕೋಣೆಯಿಂದ ಗಲ್ಲಿಗೆ ಬರೋರು ಕಾಣೋದಿಲ್ಲವಂತೆ!"

"ಅಮ್ಮಾ!"

ಸೆನೊ ಕಿಟಕಿಯ ಹೊರಗೆ ನೋಡಿದ. ಗಲ್ಲಿಯ ತಿರುವು, ತಾನು ಈಗಷ್ಟೇ ನಡೆದು ಬಂದ ದಾರಿ, ಎಲ್ಲವೂ ಕಾಣುತ್ತಿತ್ತು.

"ಹಾಗಾದರೆ ಆ ಕೆಬಾಯ...?"

"ಗಿರಾಕಿಯದು! ಅದರ ಸೊಂಟ ನೋಡಿ ಸ್ವಲ್ಪ. ನನ್ನಂಥವರು ಇಬ್ಬರು ಹಿಡಿಸ್ತಾರೆ ಅದರೊಳಗೆ!" ನಗು, ಅಳು ಒಟ್ಟಿಗೇ ಉಕ್ಕಿತು ಅವಳಿಗೆ. "ನನ್ನನ್ನೇ ಕೇಳ್ತೀರಲ್ಲ, ನೀವು ಹೇಳಿ ಮಾಸ್. ಹಾವು ತಿನ್ನೋದು ವಾರಕ್ಕೊಂದು ಸಲ. ಅದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಮತ್ತೆ ದಿನಾ ಯಾಕೆ ಕೇಳಿದ್ರಿ, ಊಟ ಆಯ್ತಾ ಅಂತ?"

ಈಗ ತಲೆ ತಗ್ಗಿಸುವ ಸರದಿ ಅವನದು.

"ನಿನ್ನದು ಆಯ್ತಾ ಅಂತ ಕೇಳೋ ಧೈರ್ಯ ಇರಲಿಲ್ಲ," ಎಂದ. "ಕೇಳೋಕೆ ನೀವ್ಯಾರು ಅಂತ ನೀನು ಅಂದುಬಿಟ್ಟರೆ... ಪ್ರೀತಿಸೋನು ಅಂತ ಹೇಳಬೇಕಾಗ್ತಿತ್ತಲ್ಲ."

ವೆನಿಂಗ್ ಸೆರಗಿನಂತೆ ಮಡಿಲಲ್ಲಿ ಜಾರಿದ್ದ ಬಟ್ಟೆಯಿಂದ ಕಣ್ಣೊರೆಸಿಕೊಂಡಳು. ಅದೂ ಗಿರಾಕಿಯದೇ. ಇರಲಿ!

ಇಬ್ಬರೂ ಸೇರಿ ಮಿಷನ್ ಎತ್ತಿ ಹಿಂದಿನ ಕೋಣೆಗೆ ಸಾಗಿಸಿದರು. ಇಡುವಾಗ ಅವಳು ಗೊಣಗಿದಳು, "ಇಲ್ಲಿಂದ ಗಲ್ಲಿ ಕಾಣೋದಿಲ್ಲ."

"ಕಾಣೋದು ಬೇಡ. ಬರಬೇಕಾದವನು ಬಂದಾಯ್ತಲ್ಲ."

ಹತ್ತನೇ ದಿನ ಲೊಂಟೊಂಗ್ ಇಲಿ ನುಂಗಿ, ಕಡುಬಿನಂತೆ ಸುತ್ತಿಕೊಂಡು ಮಲಗಿತು. ಅಂದು ಸಂಜೆ ಎಂದಿನಂತೆ ವೆನಿಂಗ್‌ಳ ಮೊಬೈಲ್ ಮಿನುಗಿತು.

'ಊಟ ಆಯ್ತಾ?'

ಅವಳು ಬೇಕೆಂದೇ ಬರೆದಳು. 'ಲೊಂಟೊಂಗ್‌ದಾ? ಆಯ್ತು.'

'ನಿನ್ನದು.'

ಬಾಗಿಲ ಹೊರಗೆ ಚಪ್ಪಲಿ ಬಿಡುವ ಸದ್ದು ಕೇಳಿಸಿತು. ಅವಳು ಎದ್ದು ಎರಡು ತಟ್ಟೆ ಇಟ್ಟಳು.

"ಇಲ್ಲ ಮಾಸ್. ನಿಮಗೇ ಕಾಯ್ತಿದ್ದೆ."