ಏಳನೇ ಕುರ್ಚಿಯ ತುರಿಕೆ

"ಏಳು! ನಾಲಿಗೆ ಹೊರಗೆ!"

ಪರದೆಯ ಆಚೆಯಿಂದ ಡಾಕ್ಟರಮ್ಮನ ದನಿ. ಅವಳು ತಟ್ಟನೆ ನಾಲಿಗೆ ಚಾಚಿದಳು.

"ಇನ್ನೂ ಹೊರಗೆ! ಕಣ್ಣು ಮುಚ್ಚಿ! ಈಗ ಎಡಗೈಯಲ್ಲಿ ಬಲಗಿವಿ ಹಿಡ್ಕೊಳ್ಳಿ!"

ಹಿಡಿದಳು. ಯಾರೋ ಕಿಸಕ್ಕೆಂದರು. ಕಣ್ಣು ಬಿಟ್ಟರೆ... ಡಾಕ್ಟರಮ್ಮ ಎಲ್ಲಿ? ಎದುರಿಗಿದ್ದದ್ದು ತನ್ನಂತೆಯೇ ನೀಲಿ ಅಂಗಿ ತೊಟ್ಟ, ಎಂಟನೇ ಕುರ್ಚಿಯ ಯುವಕ!

ಓದುಗರೇ, ಇದು ಅಪ್ಪಟ ನಿಜದ ಕಥೆ. ನಂಬಿಕೆ ಬಾರದಿದ್ದರೆ ರಕ್ತ ತೆಗೆದು ಪರೀಕ್ಷಿಸಿಕೊಳ್ಳಿ. ಈ ಕಥೆಯಲ್ಲಿ ಅದಕ್ಕೇನೂ ಬರವಿಲ್ಲ.

ಅದು ಹೊಸ ಮಾತ್ರೆಗಳನ್ನು ಪೇಟೆಗೆ ಬಿಡುವ ಮೊದಲು ಮನುಷ್ಯರಿಗೆ ಕೊಟ್ಟು ನೋಡುವ ಸಂಸ್ಥೆ. ಒಂದು ವಾರ ಅಲ್ಲೇ ಇರಬೇಕು, ಮೊದಲಿಗೊಂದು, ಕೊನೆಗೊಂದು ಮಾತ್ರೆ ನುಂಗಬೇಕು, ಕೇಳಿದಾಗಲೆಲ್ಲ ರಕ್ತಕ್ಕೆ ತೋಳು ಚಾಚಬೇಕು, ಕೊನೆಗೆ ಹಣ. ಹೆಂಗಸರು, ಗಂಡಸರು ಮಲಗುವುದು ಬೇರೆ ಬೇರೆ ಮಹಡಿಯಲ್ಲಿ. ಮಾತ್ರೆಗೆ, ರಕ್ತಕ್ಕೆ ಮಾತ್ರ ಒಂದೇ ಹಾಲ್. ಅಲ್ಲಿ ಕುರ್ಚಿಯ ನಂಬರೇ ಹೆಸರು. ಮಾತ್ರೆಯನ್ನು ಬಾಯಲ್ಲಿ ಅಡಗಿಸಿಟ್ಟಿಲ್ಲವೆಂದು ಪ್ರತಿಯೊಬ್ಬರೂ ಬಾಯಿ ತೆರೆದು ತೋರಿಸಲೇಬೇಕು.

"ಏಳು ಅಂದ್ರೆ ಎದ್ದೇ ನಿಲ್ತೀರೇನೋ ಅಂದ್ಕೊಂಡಿದ್ದೆ," ಅವನೆಂದ. "ನಾನು ಎಂಟು. ಏಳಕ್ಕೂ ಎಂಟಕ್ಕೂ ಮೊದಲಿಂದಲೂ ನಂಟು."

"ಮೊದಲು ನಿಮ್ಮ ನಾಲಿಗೆಗೆ ಒಂದು ಮಾತ್ರೆ ಕಂಡುಹಿಡೀಬೇಕು!" ಎಂದು ಅವಳು ಮುಖ ತಿರುಗಿಸಿದಳು. ಮುಖವೇನೋ ತಿರುಗಿತು... ತುಟಿಯಂಚಿನ ನಗು ತಿರುಗಲಿಲ್ಲ.

ಅವನು ಮಿಮಿಕ್ರಿಯವನು. ಸೂಪರ್ ಮಾರ್ಕೆಟ್‌ಗಳ ಪ್ರಕಟಣೆಗೆ ದನಿ ಕೊಡುತ್ತಿದ್ದ. ಒಳ್ಳೆಯ ಮೈಕ್ ಕೊಳ್ಳಲು ಇಲ್ಲಿಗೆ ಬಂದಿದ್ದ. ಅವಳು ಯಾರದೋ ಪಾರ್ಲರ್‌ನಲ್ಲಿ ಕೂದಲು ಕತ್ತರಿಸಿ, ಕತ್ತರಿಸಿದ್ದನ್ನು ತಾನೇ ಗುಡಿಸುತ್ತಿದ್ದವಳು. ಮೆಟ್ಟಿಲ ಕೆಳಗೊಂದು ಪುಟ್ಟ ಮಳಿಗೆ ನೋಡಿಟ್ಟಿದ್ದಳು. "ತಿಂಗಳ ಕೊನೆವರೆಗೆ ಕಾಯ್ತೀನಿ ತಾಯಿ, ಆಮೇಲೆ ಜೆರಾಕ್ಸ್‌ನವನಿಗೆ ಕೊಡ್ತೀನಿ," ಎಂದಿದ್ದ ಮಾಲೀಕ. ಇಲ್ಲಿನ ಹಣ ಪೂರ್ತಿ ಬಂದರಷ್ಟೇ ಅವಳ ಹೆಸರಲ್ಲೊಂದು ಬೋರ್ಡು.

ದಿನ ಕಳೆದಂತೆ ಅವನು ಲಿಫ್ಟ್ ಆದ, ಕೆಟ್ಟ ಫ್ಯಾನ್ ಆದ, ಸೂಜಿ ಚುಚ್ಚುವಾಗ "ಇರುವೆ ಕಚ್ಚಿದ ಹಾಗೆ ಅಷ್ಟೇ" ಎನ್ನುವ ಸಿಸ್ಟರ್ ಆದ. ಅವಳಿಗೆ ನಕ್ಕು ನಕ್ಕು ಸಾಕಾಗುತ್ತಿತ್ತು. ಅವನು ಬರುವುದು ತಡವಾದರೆ ಕೂರಲಾಗದು, ನಿಲ್ಲಲಾಗದು.

'ಅಯ್ಯೋ, ನನಗೇನಾಗಿದೆ? ಕಣ್ಣು ಯಾಕೆ ಬಾಗಿಲಿಗೇ ಅಂಟ್ಕೊಂಡಿದೆ?'

ಅಷ್ಟರಲ್ಲಿ ಶುರುವಾಯಿತು ತುರಿಕೆ. ಕುತ್ತಿಗೆಯ ಮೇಲೆ ಕೆಂಪು ದದ್ದು.

ಮೂರನೇ ಕುರ್ಚಿಯಲ್ಲಿ ಎಲ್ಲರೂ 'ಮಾವ' ಎನ್ನುವ ಹಳೇ ಹುಲಿಯಿದ್ದ. ಇಂಥ ಎಷ್ಟೋ ಮಾತ್ರೆ ನುಂಗಿದವನು. "ಮೈ ಸರಿಯಿಲ್ಲ ಅಂತ ಬಾಯಿ ಬಿಟ್ರೋ, ಗಂಟುಮೂಟೆ ಕಟ್ಟಬೇಕು. ಬಿಡಿಗಾಸೂ ಸಿಗಲ್ಲ!" ಎಂದು ಮೊದಲೇ ಹೆದರಿಸಿಟ್ಟಿದ್ದ. ಅವಳು ಕೂದಲು ಇಳಿಬಿಟ್ಟು, ಸ್ಕಾರ್ಫ್ ಸುತ್ತಿ ಸುಮ್ಮನಾದಳು.

ಎರಡನೇ ಮಾತ್ರೆಯ ಬೆಳಿಗ್ಗೆ ಅವನು ಅವಳನ್ನೇ ದಿಟ್ಟಿಸಿದ.

"ತುಟಿ ಊದಿದೆ."

"ಲಿಪ್‌ಸ್ಟಿಕ್ ಹಚ್ಚಿಲ್ಲ, ಹಾಗೆ ಕಾಣುತ್ತೆ."

"ಎಂಜಲು ನುಂಗೋಕೂ ಕಷ್ಟಪಡ್ತಿದ್ದೀರಿ. ಸಿಸ್ಟರ್‌ಗೆ ಹೇಳಿ."

"ಇನ್ನೊಂದೇ ಮಾತ್ರೆ... ನನ್ನ ಮಳಿಗೆ ಕೈತಪ್ಪುತ್ತೆ. ಯಾರಿಗೂ ಹೇಳಲ್ಲ ಅಂತ ಮಾತು ಕೊಡಿ. ನನ್ನಾಣೆ!"

ಲೋಕದ ದನಿಗಳನ್ನೆಲ್ಲ ಗಂಟಲಲ್ಲಿಟ್ಟುಕೊಂಡವನು ಈ ಸಲ ತನ್ನದೇ ದನಿಯಲ್ಲಿ ಹೇಳಿದ.

"ಸರಿ. ಹೇಳಲ್ಲ."

ಮಾತ್ರೆಯ ಟ್ರೇ ಬಂತು. ಐದು... ಆರು... ಸಿಸ್ಟರ್ ಏಳನೇ ಕುರ್ಚಿಯತ್ತ ಹೆಜ್ಜೆಯಿಟ್ಟದ್ದೇ ತಡ, ಎಂಟನೆಯವನು ಎದ್ದು ನಿಂತ.

ಎರಡೇ ಬೆರಳಲ್ಲಿ, ಇಲ್ಲದ ಕೂದಲನ್ನು ಕುತ್ತಿಗೆಯ ಮೇಲೆಳೆದುಕೊಂಡ. ಇಲ್ಲದ ಸ್ಕಾರ್ಫಿನೊಳಗೆ ಬೆರಳು ತೂರಿಸಿ ಕೆರೆದ. ಎಂಜಲು ನುಂಗಿ ಮುಖ ಕಿವುಚಿದ. ಕಿವುಚಿದ್ದನ್ನು ಮುಚ್ಚಲು ನಕ್ಕ. ಥೇಟ್ ಅವಳೇ!

ಹಾಲ್ ಗೊಳ್ಳೆಂದಿತು. ಅವನು "ಉಸಿರು... ಉಸಿರು..." ಎಂದು ಕುಸಿದಾಗ ನಗು ನಿಂತಿತು. ಡಾಕ್ಟರಮ್ಮ ಓಡಿಬಂದರು.

"ನಿಲ್ಸಿ! ಯಾರಿಗೂ ಮಾತ್ರೆ ಕೊಡ್ಬೇಡಿ!"

ಅವಳ ಮೈಯೆಲ್ಲ ಉರಿಯಿತು. ಬಗ್ಗಿ, ಹಲ್ಲು ಕಡಿಯುತ್ತಾ ಅವನ ಕಿವಿಯಲ್ಲಿ ಪಿಸುಗುಟ್ಟಿದಳು.

"ನನ್ನ ಸಂಕಟ ನಿನಗೆ ಆಟವಾಯ್ತಾ? ಎಲ್ಲರ ಮುಂದೆ ಆಡಿ ತೋರಿಸ್ತೀಯಾ? ಹೇಳಲ್ಲ ಅಂತ ಮಾತು ಕೊಟ್ಟಿದ್ದೆಯಲ್ಲೋ!"

"ಹೇಳಲಿಲ್ಲ. ತೋರಿಸಿದೆ."

ಆ ಕಣ್ಣುಗಳಲ್ಲಿ ತುಂಟತನದ ಸುಳಿವೇ ಇರಲಿಲ್ಲ. ಬರೀ ಭಯ... ಅದೂ ಅವಳಿಗಾಗಿ!

ಸಿಸ್ಟರ್ ಇಂಜೆಕ್ಷನ್ ಸಿದ್ಧಮಾಡಿ ಅವನ ತೋಳು ಹಿಡಿದರು. ಅವನು ಕೈ ಹಿಂದಕ್ಕೆಳೆಯಲಿಲ್ಲ.

'ಇಲ್ಲದ ಕಾಯಿಲೆಗೆ ಚುಚ್ಚಿಸ್ಕೊಳ್ತಿದ್ದಾನೆ, ಹುಚ್ಚ!' ಮಳಿಗೆ, ಬೋರ್ಡು, ಕನ್ನಡಿ ಎಲ್ಲವೂ ಒಮ್ಮೆ ಕಣ್ಮುಂದೆ ಹಾದುಹೋದವು. ಹೋಗಲಿ!

ಅವಳು ಸ್ಕಾರ್ಫ್ ಕಿತ್ತೆಸೆದಳು.

"ಮೇಡಂ, ಆ ಸೂಜಿ ನಂದು!"

ಆಮೇಲೆ ಎಲ್ಲವೂ ಸರಸರ. ಇಂಜೆಕ್ಷನ್, ಡ್ರಿಪ್, ಮೂಗಿಗೆ ಆಮ್ಲಜನಕ. ಉಸಿರು ಸಡಿಲವಾದಾಗ ಕಾರಿಡಾರಿನಲ್ಲಿ ಡಾಕ್ಟರಮ್ಮ ಅವನನ್ನು ಗದರುತ್ತಿದ್ದರು. "ಸುಳ್ಳು ಕಾಯಿಲೆ ನಟಿಸಿದ್ರೆ ನಮ್ಮ ಅಧ್ಯಯನವೇ ಹಾಳು! ನಡೀರಿ ಹೊರಗೆ!"

ಹೋಗುವವನು ಸುಮ್ಮನೆ ಹೋದನೇ? "ಗ್ರಾಹಕರ ಗಮನಕ್ಕೆ!" ಎಂದು ಅಂಗಡಿಯ ದನಿ ತೆಗೆದು ತನ್ನ ಫೋನ್ ನಂಬರನ್ನು ಸಾರಿಕೊಂಡೇ ಹೋದ. ಅವಳು ಕೇಳಿಸದವಳಂತೆ ಮಲಗಿ, ಒಂದಂಕಿಯೂ ಬಿಡದೆ ಬಾಯಿಪಾಠ ಮಾಡಿಕೊಂಡಳು.

"ಮೇಡಂ... ದುಡ್ಡು ಹೋಯ್ತಲ್ವಾ?" ಒಳಗೆ ಬಂದ ಡಾಕ್ಟರಮ್ಮನನ್ನು ಕೇಳಿದಳು.

"ಯಾರು ಹೇಳಿದ್ದು? ಮಾತ್ರೆಯಿಂದ ತೊಂದ್ರೆಯಾಗಿ ನಾವೇ ನಿಲ್ಸಿದ್ರೆ ಪೂರ್ತಿ ಕೊಡ್ತೀವಿ. ತಾವಾಗೇ ಬಿಟ್ಟು ಓಡಿದವರಿಗೆ ಮಾತ್ರ ಕಡಿತ. ಸೇರುವಾಗಲೇ ಹೇಳಿದ್ದೆ, ನೀವು ಎಲ್ಲಿದ್ರಿ?"

"ಮಾವ ಹೇಳಿದ್ರು..."

"ಆ ಮಾವ ಹೋದ ಸಲ ಅರ್ಧಕ್ಕೇ ಕೈಕೊಟ್ಟು ಹೋದೋನು!"

"ಮತ್ತೆ... ಎಂಟನೆಯವರಿಗೆ?"

"ಇದ್ದಷ್ಟು ದಿನದ್ದು ಮಾತ್ರ. ಇನ್ನು ಇಲ್ಲಿ ಸೇರಿಸಲ್ಲ."

ಮರುದಿನ ಮಧ್ಯಾಹ್ನಕ್ಕೆ ದದ್ದು ಇಳಿಯಿತು. ಚಡಪಡಿಕೆ ಇಳಿಯಲಿಲ್ಲ. ಹಾಸಿಗೆ ಮುಳ್ಳಾಯಿತು, ಗೋಡೆ ಗಡಿಯಾರ ಸೋಮಾರಿಯಾಯಿತು. ಕ್ಷಮೆ ಕೇಳಲೇ? ಬೈಯಲೇ? ಸಂಸ್ಥೆಯವರು ತೆಗೆದಿಟ್ಟಿದ್ದ ಫೋನ್ ಕೈಗೆ ಸಿಕ್ಕೊಡನೆ ನಂಬರ್ ಒತ್ತಿದಳು. ಆ ಕಡೆಯ "ಹಲೋ" ಕೇಳಿದ್ದೇ, ಕೂಡಿಸಿಟ್ಟ ಮಾತೆಲ್ಲ ಹಾರಿಹೋಯಿತು! ಗಾಬರಿಯಲ್ಲಿ ಮೂಗು ಹಿಡಿದುಕೊಂಡಳು.

"ಕಚೇರಿಯಿಂದ ಮಾತಾಡ್ತಿರೋದು. ನಿಮ್ಮನ್ನ ಇನ್ನೊಂದು ಅಧ್ಯಯನಕ್ಕೆ ಆರಿಸಿದ್ದೀವಿ."

"ನನ್ನನ್ನಾ? ನಿನ್ನೆ ತಾನೇ ಓಡಿಸಿದ್ರಲ್ಲ ಮೇಡಂ!" ಪಾಪ, ನಂಬಿಯೇಬಿಟ್ಟ.

"ಇದು ಬೇರೆ ವಿಭಾಗ. ಒಮ್ಮೆ ಸೇರಿದ್ರೆ ಬಿಡೋ ಹಾಗಿಲ್ಲ."

"ಎಷ್ಟು ದಿನ ಮೇಡಂ?"

"ಜೀವನಪೂರ್ತಿ."

"ಆಂ! ಅಡ್ಡಪರಿಣಾಮ ಏನಾದ್ರೂ...?"

"ಊಟ ಸೇರಲ್ಲ. ಕೂತಲ್ಲಿ ಕೂರೋಕಾಗಲ್ಲ. ಒಬ್ಬನ ಮೇಲೆ ರೇಗಿದ್ದಕ್ಕೆ ಅಳು ಬರುತ್ತೆ..."

ಮೂಗಿನ ಮೇಲಿನ ಬೆರಳು ಯಾವಾಗಲೋ ಜಾರಿತ್ತು. ಉಳಿದದ್ದು ಅವಳದೇ ದನಿ, ಒದ್ದೆಯಾಗಿ.

ಆ ಕಡೆಯವನಿಗೆ ಗುರುತು ಸಿಕ್ಕಿತು.

ಆಮೇಲೆ ಸಿಡಿಯಿತು ನಗು! ಫೋನಿನಲ್ಲೂ ನಗು, ಕಿಟಕಿಯಿಂದಲೂ ಅದೇ ನಗು! ಅವಳು ಓಡಿ ಇಣುಕಿದಳು. ಎದುರು ಫುಟ್‌ಪಾತಿನಲ್ಲಿ ಅವನು ಹೊಟ್ಟೆ ಹಿಡಿದು ಗೋಡೆಗೊರಗಿದ್ದ.

"ನಿನ್ನೆಯಿಂದ ಇಲ್ಲೇ ಇದ್ದೀಯೇನೋ?"

"ಮಧ್ಯೆ ಹೋಗಿ ಸ್ನಾನ ಮಾಡಿ ಬಂದೆ, ಅಧಿಕಾರಿಗಳೇ. ಉಸಿರಾಟ ಹೇಗಿದೆ?"

"ಚೆನ್ನಾಗೇ ಇತ್ತು. ನಿನ್ನ ನೋಡಿದ ಮೇಲೆ ಮತ್ತೆ ಹೆಚ್ಚುಕಮ್ಮಿ."

"ನನಗಂತೂ ಮೊದಲ ದಿನದಿಂದಲೇ."

"ಹಾಗಾದ್ರೆ... ಸೇರ್ತೀಯಾ?"

"ಸೇರ್ತೀನಿ ಕಣೇ. ನೋವಾದ್ರೆ ಮೊದಲು ನನಗೇ ಹೇಳ್ಬೇಕು, ಅದೊಂದೇ ಷರತ್ತು."

"ಹೇಳ್ತೀನಿ. ಈಗ ನಗು ನಿಲ್ಸು, ಎಲ್ಲರೂ ನೋಡ್ತಿದ್ದಾರೆ!"

"ಮಿಮಿಕ್ರಿಯವನನ್ನೇ ಮಂಗ ಮಾಡಿದ್ಯಲ್ಲೇ!" ಎಂದವನು, ದಾರಿಹೋಕರೆಲ್ಲ ನಿಂತು ನೋಡುವಷ್ಟು ಜೋರಾಗಿ ನಕ್ಕ.