ಸಿಂಹಕಂಠದ ಕೊಲೆ

ಡಬ್ಬಿಂಗ್ ಕೋಣೆಯಲ್ಲಿ ಮೈಕು ನಿಂತೇ ಇತ್ತು. ಅದರ ಮುಂದೆ ನಿಲ್ಲಬೇಕಾದವನು ನೆಲದ ಮೇಲೆ ಬಿದ್ದಿದ್ದ. ಕೊರಳಿಗೆ ಹೆಡ್‌ಫೋನಿನ ವೈರು ಬಿಗಿದಿತ್ತು. ಎದುರಿನ ಪರದೆಯಲ್ಲಿ ಹೆಸರಾಂತ ನಾಯಕನಟ ಕೋರ್ಟಿನ ಕಟಕಟೆ ಹತ್ತಿ, ತೋಳು ಬೀಸಿ ಬೀಸಿ, ಸದ್ದಿಲ್ಲದೆ ಗರ್ಜಿಸುತ್ತಿದ್ದ. ದೃಶ್ಯ ಮುಗಿದರೆ ಮತ್ತೆ ಮೊದಲಿನಿಂದ ಗರ್ಜನೆ. ಅವನನ್ನು ನಿಲ್ಲಿಸುವ ಯೋಚನೆ ಯಾರಿಗೂ ಬಂದಿರಲಿಲ್ಲ.

ಸತ್ತವನು ಡಬ್ಬಿಂಗ್ ಕಲಾವಿದ. ಹೆಣವನ್ನು ಮೊದಲು ಕಂಡವನು ಅದೇ ಕೋಣೆಯ ಸೌಂಡ್ ಎಂಜಿನಿಯರ್, ಸತ್ತವನ ಹೆಂಡತಿಯ ತಮ್ಮ. ಊಟದ ವಿರಾಮ ಮುಗಿಸಿ ಬಂದಾಗ ನೋಡಿದೆ ಎಂದ. ಊಟ ಎಲ್ಲಿ ಮಾಡಿದೆ ಎಂದರೆ, ಮಾಡಲೇ ಇಲ್ಲ, ಟೆರೇಸಿನ ಮೇಲೆ ಒಬ್ಬನೇ ಕೂತಿದ್ದೆ ಎಂದ. ಬೆಳಿಗ್ಗೆ ಅವನು ಭಾವನ ಜೊತೆ ಕಿತ್ತಾಡಿದ ಸದ್ದು ಇಡೀ ಸ್ಟುಡಿಯೋಗೆ ಕೇಳಿತ್ತು.

"ಇನ್ನೇನು ಮೇಡಂ, ಕೈಗೇ ಸಿಕ್ಕಿದಾನೆ," ಎಂದ ಪೇದೆ.

ಇನ್‌ಸ್ಪೆಕ್ಟರಮ್ಮ ಉತ್ತರಿಸುವ ಮೊದಲೇ ಮೇಲಧಿಕಾರಿಯ ಫೋನು ಬಂತು. "ಸಂಜೆಯೊಳಗೆ ಅವನನ್ನ ಒಳಗೆ ಹಾಕಿ. ದೊಡ್ಡೋರ ಶೂಟಿಂಗ್ ನಿಲ್ಲಬಾರದು."

ಒಬ್ಬ ಮನುಷ್ಯ ಸತ್ತು ಬಿದ್ದಿದ್ದರೂ ಸಾಹೇಬರ ಚಿಂತೆ ಶೂಟಿಂಗಿನದು. ಆಕೆ ಫೋನನ್ನು ಜೇಬಿಗೆ ತುರುಕಿದಳು.

ಬಾಗಿಲಲ್ಲಿ ಸತ್ತವನ ಹೆಂಡತಿ ನಿಂತಿದ್ದಳು. ಅಳು ಆಗಲೇ ಮುಗಿದಿತ್ತು.

"ಗಂಡ ಹೋದ್ರು. ತಮ್ಮನ್ನೂ ಕರ್ಕೊಂಡು ಹೋಗಿಬಿಡ್ತೀರಾ? ಅವನನ್ನ ಎತ್ತಿ ಆಡಿಸಿ ಬೆಳೆಸಿದ್ದೇ ನಮ್ಮನೆಯೋರು ಮೇಡಂ."

* * *

ಅಂಗಳದ ಆಚೆ ದೊಡ್ಡವರ, ಅಂದರೆ ಪರದೆಯ ಮೇಲೆ ಗರ್ಜಿಸುತ್ತಿದ್ದ ಆ ನಾಯಕನಟರ, ವ್ಯಾನ್ ನಿಂತಿತ್ತು. ಒಳಗೆ ಮೂರು ಕಡೆ ಕನ್ನಡಿ. ಕನ್ನಡಿ ಇಲ್ಲದ ಕಡೆ ಅವರದೇ ಫೋಟೋ. ಮನುಷ್ಯನಿಗೆ ತನ್ನ ಮೂತಿ ಇಷ್ಟೊಂದು ಬೇಕೇ ಎಂದು ಇನ್‌ಸ್ಪೆಕ್ಟರಮ್ಮನಿಗೆ ಅಸಹ್ಯವಾಯಿತು.

ಅವರಿಗೆ ಅಭಿಮಾನಿಗಳು ಕೊಟ್ಟ ಬಿರುದು 'ಸಿಂಹಕಂಠ'. ತೆರೆಯ ಮೇಲೆ ಬಾಯಿ ತೆರೆದರೆ ಥಿಯೇಟರಿನ ಕುರ್ಚಿ ನಡುಗುತ್ತಿತ್ತು. ತೆರೆಯ ಹೊರಗೆ ಮಾತ್ರ ಕೊರಳಿಗೆ ಮಫ್ಲರು, ತುಟಿ ಪಿಟಕ್ಕೆನ್ನುವುದಿಲ್ಲ. ಗಂಟಲಿಗೆ ವಿಶ್ರಾಂತಿ ಬೇಕಂತೆ, ಡಾಕ್ಟರು ಹೇಳಿದ್ದಾರಂತೆ. ಅವರ ಪರವಾಗಿ ಮಾತಾಡಲು, ನಗಲು, ನಿಟ್ಟುಸಿರು ಬಿಡಲು ಒಬ್ಬ ಮ್ಯಾನೇಜರಿದ್ದ.

"ಬಾಸ್ ಊಟದ ಹೊತ್ತಲ್ಲಿ ಇಲ್ಲೇ ಇದ್ರು. ಡಬ್ಬಿಂಗಿಗೆ ಕೋರ್ಟ್ ಸೀನಿನ ಡೈಲಾಗ್ ಪ್ರಾಕ್ಟೀಸ್ ಮಾಡ್ತಿದ್ರು. ನಾನು ಹೊರಗೆ ಪತ್ರಕರ್ತರ ಜೊತೆ ನಿಂತಿದ್ದೆ. ಬೇಕಾದ್ರೆ ಅವರನ್ನೇ ಕೇಳಿ."

"ಸತ್ತವರು ಯಾರಿಗೆ ದನಿ ಕೊಡ್ತಿದ್ರು?"

"ಸಣ್ಣಪುಟ್ಟ ಪಾತ್ರಕ್ಕೆ ಮೇಡಂ. ಕಳ್ಳ, ಡ್ರೈವರ್ರು, ಹಾಗೆ."

ದೊಡ್ಡವರು ಕಣ್ಣು ಮುಚ್ಚಿ ದುಃಖಿಸಿದರು. ಕನ್ನಡಿಯಲ್ಲಿ ಚೆನ್ನಾಗಿ ಕಾಣುವ ಕಡೆಗೆ ಮುಖ ತಿರುಗಿಸಿಕೊಂಡೇ ದುಃಖಿಸಿದರು. ಅವರ ಬೆನ್ನ ಹಿಂದೆ, ಬಟ್ಟೆ ತೂಗುಹಾಕಿದ ಪರದೆಯ ಸಂದಿನಲ್ಲಿ, ಇನ್ನೊಂದು ಬಾಗಿಲಿತ್ತು.

ಪತ್ರಕರ್ತರು ಇನ್ನೂ ಅಲ್ಲೇ ಇದ್ದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ.

"ಎಂಥಾ ಶ್ರದ್ಧೆ ಮೇಡಂ!" ಎಂದಳು ಒಬ್ಬಳು. "ಎಂದೂ ಕರೆಯದೋರು ಇವತ್ತು ಕರೆದ್ರು. ಬಾಗಿಲು ಮುಚ್ಚಿತ್ತು. ಆದ್ರೂ ಆ ಗರ್ಜನೆ! ನಡುವೆ ಕೆಮ್ಮು ಬಂತು. ಯಾರೋ 'ಭಾವ, ಇನ್ನೊಂದ್ಸಲ' ಅಂದ್ರು. ಬೇಜಾರಿಲ್ಲದೆ ಮತ್ತೆ ಮೊದಲಿಂದ ಶುರುಮಾಡಿದ್ರು."

ಇನ್‌ಸ್ಪೆಕ್ಟರಮ್ಮ ತಿರುಗಿ ಮ್ಯಾನೇಜರನ್ನು ನೋಡಿದಳು. "ನಿಮ್ಮ ಬಾಸನ್ನ ಭಾವ ಅನ್ನೋರು ಯಾರಿದಾರೆ?"

"ಯಾರೂ ಇಲ್ಲ. ಅವರಿಗೆ ಮದುವೆನೇ ಆಗಿಲ್ಲ, ಅಕ್ಕತಂಗೀರೂ ಇಲ್ಲ. ಜೀವನಾನೇ ಕಲೆಗೆ ಮುಡಿಪು," ಎಂದ ಮ್ಯಾನೇಜರ್, ಹೆಮ್ಮೆಯಿಂದ.

* * *

ಆಕೆ ಡಬ್ಬಿಂಗ್ ಕೋಣೆಗೆ ಮರಳಿದಳು. ಹೆಣ ಸಾಗಿಸಿದ್ದರು. ಪರದೆಯ ಗರ್ಜನೆ ಇನ್ನೂ ನಿಂತಿರಲಿಲ್ಲ. ಈ ಸಲ ಆಕೆ ತೋಳನ್ನು ಬಿಟ್ಟು ತುಟಿಯನ್ನು ನೋಡಿದಳು. ಮತ್ತೊಮ್ಮೆ ನೋಡಿದಳು. ನಗು ಬಂತು, ಜೊತೆಗೆ ಸಿಟ್ಟೂ ಬಂತು.

"ಏನಯ್ಯಾ, ಇವರು ಮಗ್ಗಿ ಹೇಳ್ತಿದಾರಾ?"

ಎಂಜಿನಿಯರ್ ತಲೆ ತಗ್ಗಿಸಿದ. "ಒಂದು, ಎರಡು, ಮೂರು ಅಂತಾರೆ ಮೇಡಂ. ಡೈಲಾಗ್ ಕಲಿಯೋದಿಲ್ಲ. ಸಿಟ್ಟಿನ ಸೀನಾದ್ರೆ ಜೋರಾಗಿ ಎಣಿಸ್ತಾರೆ, ಅಳೋ ಸೀನಾದ್ರೆ ನಿಧಾನಕ್ಕೆ. ಆಮೇಲೆ ತಾವೇ ಡಬ್ ಮಾಡ್ತಾರೆ ಅಂದ್ಕೊಂಡಿದಾರೆ ಸೆಟ್ಟಿನೋರು. ಆ ತುಟಿಗೆ ಮಾತು ಕೂರಿಸ್ತಿದ್ದೋರು ನಮ್ಮ ಭಾವ. ಮೊದಲ ಸಿನಿಮಾದಿಂದಲೂ ಆ ದನಿ ಭಾವಂದೇ."

"ಜಗಳ ಯಾಕಾಯ್ತು?"

"ತೆರೆ ಮೇಲೆ ಒಂದೇ ಒಂದು ಸಲ ತಮ್ಮ ಹೆಸರು ಬರ್ಬೇಕು, ಇಲ್ಲಾಂದ್ರೆ ಎಲ್ಲರಿಗೂ ಹೇಳ್ತೀನಿ ಅಂತ ದೊಡ್ಡೋರಿಗೇ ಹೇಳಿ ಬಂದಿದ್ರು. ದೊಡ್ಡೋರ ಸಹವಾಸ ಬೇಡ, ಬಾಯಿ ಮುಚ್ಕೊಂಡಿರು ಅಂತ ನಾನೇ ಬೈದೆ."

"ಈ ಸೀನಿನ ರೆಕಾರ್ಡಿಂಗ್ ಯಾರ ಹತ್ರ ಇದೆ?"

"ನಿನ್ನೆ ಮಾಡಿದ್ದು, ಇವತ್ತು ಒಂದೆರಡು ಸಾಲು ತಿದ್ದೋಕೆ ಮತ್ತೆ ಹಾಕಿದ್ವಿ. ಕೇಳ್ಬೇಕು ಅಂತ ದೊಡ್ಡೋರೇ ಕಾಪಿ ತರಿಸ್ಕೊಂಡ್ರು. ಜನ್ಮದಲ್ಲಿ ಕೇಳಿದೋರಲ್ಲ."

* * *

ಇನ್‌ಸ್ಪೆಕ್ಟರಮ್ಮ ಪತ್ರಕರ್ತರನ್ನು ವ್ಯಾನಿನ ಬಾಗಿಲ ಹೊರಗೆ, ಅದೇ ಜಾಗದಲ್ಲಿ ನಿಲ್ಲಿಸಿ ಒಳಗೆ ಹೋದಳು.

"ಸಾರ್, ಪ್ರಾಕ್ಟೀಸ್ ಮಾಡಿದ್ರಲ್ಲ, ಅದರ ಮೊದಲನೇ ಸಾಲು ಹೇಳಿ. ಪಿಸುಗುಟ್ಟಿದ್ರೂ ಸಾಕು."

ದೊಡ್ಡವರು ಮ್ಯಾನೇಜರನ್ನು ನೋಡಿದರು. ಮ್ಯಾನೇಜರ್ ನೆಲ ನೋಡಿದ. ಆಕೆ ಮೂಲೆಯಲ್ಲಿದ್ದ ಮ್ಯೂಸಿಕ್ ಪ್ಲೇಯರಿನ ಕಡೆ ಕೈ ಚಾಚಿದಳು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ.

"ಅದನ್ನ ಮುಟ್ಬೇಡಿ!"

ಎಣ್ಣೆ ಕಾಣದ ಬಾಗಿಲು ಕಿರುಗುಟ್ಟಿದ ಹಾಗಿತ್ತು ಆ ದನಿ. ಹೊರಗಿನಿಂದ ಪತ್ರಕರ್ತೆ ಕೂಗಿ ಕೇಳಿದಳು: "ಮೇಡಂ, ಒಳಗೆ ಇನ್ಯಾರಿದಾರೆ?"

ಆಕೆ ಗುಂಡಿ ಒತ್ತಿದಳು. ಗರ್ಜನೆ ಮೊಳಗಿತು. ಕೆಮ್ಮು. ನಂತರ ಎಂಜಿನಿಯರನ ದನಿ: "ಭಾವ, ಇನ್ನೊಂದ್ಸಲ."

"ಊಟದ ಹೊತ್ತಿಗೆ ಪತ್ರಕರ್ತರನ್ನ ಕರೆಸಿದ್ರಿ," ಎಂದಳು ಇನ್‌ಸ್ಪೆಕ್ಟರಮ್ಮ. "ಇದನ್ನ ಹಾಕಿಟ್ಟು ಹಿಂದಿನ ಬಾಗಿಲಿಂದ ಹೋದ್ರಿ. ವೈರು ಬಿಗಿದು ವಾಪಸ್ ಬಂದ್ರಿ. ಬೆಳಿಗ್ಗೆಯ ಜಗಳ ಪುಕ್ಕಟೆ ಸಿಕ್ಕಿತ್ತು. ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸ್ತು. ಆದ್ರೆ ಮಧ್ಯದ ಈ ಮಾತನ್ನ ತೆಗೆಸಲಿಲ್ಲ. ಯಾಕೆ ಗೊತ್ತಾ? ಅದು ಇದೆ ಅಂತಲೇ ನಿಮಗೆ ಗೊತ್ತಿರ್ಲಿಲ್ಲ. ನಿಮ್ಮನ್ನ ಸಿಂಹ ಮಾಡಿದೋನು ಏನು ಮಾತಾಡಿದಾನೆ ಅಂತ ಒಂದು ಸಲ ಪೂರ್ತಿ ಕೇಳೋ ವ್ಯವಧಾನವೂ ನಿಮಗಿರ್ಲಿಲ್ಲ."

"ಅವನು ಹೆಸರು ಕೇಳಿದ," ಎಂದು ಸಿಂಹಕಂಠ ಕೀರಲಾಗಿ ಹೇಳಿದ. "ಇವತ್ತು ಹೆಸರು ಕೇಳ್ತಾನೆ, ನಾಳೆ ಬಿರುದೇ ಕೇಳ್ತಾನೆ."

ಇಷ್ಟು ಹೊತ್ತು 'ಸಾರ್' ಎಂದಿದ್ದಕ್ಕೆ ಆಕೆಗೆ ನಾಚಿಕೆಯಾಯಿತು. "ನಡಿ," ಎಂದಳು.

* * *

ರೆಕಾರ್ಡಿಂಗಿನ ದನಿ ಯಾರದೆಂದು ಮನೆಯವರು ಗುರುತಿಸಬೇಕಿತ್ತು. ಠಾಣೆಯಲ್ಲಿ ಅಕ್ಕ, ತಮ್ಮ ಅಕ್ಕಪಕ್ಕ ಕೂತರು. ಗರ್ಜನೆ ಮುಗಿದ ಮೇಲೂ ರೆಕಾರ್ಡಿಂಗ್ ಓಡುತ್ತಿತ್ತು. ಕುರ್ಚಿ ಎಳೆದ ಸದ್ದು. ನಂತರ ಅದೇ ದನಿ, ಗರ್ಜನೆ ಕಳಚಿಟ್ಟು: "ಸಾಕು ಕಣೋ ಇವತ್ತಿಗೆ. ನಿಮ್ಮಕ್ಕ ಊಟಕ್ಕೆ ಕಾಯ್ತಿರ್ತಾಳೆ."

ತಮ್ಮ ಮುಖ ಮುಚ್ಚಿಕೊಂಡ. ಪೇದೆ ಪೆನ್ನು ಹಿಡಿದು ಕೇಳಿದ: "ಈ ದನಿ ಯಾರದಮ್ಮಾ?"

"ನಮ್ಮನೆಯೋರ್ದು," ಎಂದಳು ಆಕೆ. "ಹೆಸರು ಹೇಳ್ತೀನಿ. ಸರಿಯಾಗಿ ಬರ್ಕೊಳ್ಳಿ."