ಪ್ರೊಫೆಸರ್ ಶಾರ್ಷೆನ್ ಬರೆಯದ ಪತ್ರ

ಧಡ್!

ಹಿಂದಿನಿಂದ ಇನ್ನೊಂದು ಗುದ್ದು. ನನ್ನ ಹಳೆಯ ಕಾರು ರಸ್ತೆಯ ಅಂಚಿಗೆ ಜಾರಿತು. ಎಡಗಡೆ ಬಂಡೆ. ಬಲಗಡೆ... ಏನೂ ಇಲ್ಲ! ಬರೀ ಗಾಳಿ, ಅದರ ಕೆಳಗೆ ನಾನೂರು ಅಡಿ ಆಳ.

ತಾಲ್ದಿಕ್ ಘಾಟಿ. ಮಟಮಟ ಮಧ್ಯಾಹ್ನ. ಕನ್ನಡಿಯಲ್ಲಿ ಕಪ್ಪು ಜೀಪು, ಅದರಲ್ಲಿ ಮಕ್ಸಾತ್. ಮಾಜಿ ಕುಸ್ತಿಪಟು. ಈಗ ಪ್ರೊಫೆಸರ್ ಶಾರ್ಷೆನ್ ಅವರ ಡ್ರೈವರ್. ಡ್ರೈವಿಂಗ್ ಅಲ್ಲದ ಕೆಲಸಗಳಿಗೂ ಅವನೇ.

ನನ್ನ ಪಕ್ಕದಲ್ಲಿ ಡಾಕ್ಟರ್ ಉಲ್ಕಾನ್. ವಯಸ್ಸು ಐವತ್ತೆಂಟು. ಮಡಿಲಲ್ಲಿ ಒಂದು ದಪ್ಪ ರಿಜಿಸ್ಟರ್. ಎರಡೂ ಕೈಯಲ್ಲಿ ಅಪ್ಪಿಕೊಂಡಿದ್ದರು.

"ಕುಬಾನ್, ನಿಧಾನ ಹೋಗಪ್ಪಾ!"

"ನಿಧಾನ ಹೋದ್ರೆ ಅವನು ನೂಕ್ತಾನೆ, ಅಕ್ಕಾ!"

"ಜೋರಾಗಿ ಹೋದ್ರೆ ನೀನೇ ಬೀಳಿಸ್ತೀಯಲ್ಲೋ!"

ಮಾತೇನೋ ಸರಿಯಾಗಿತ್ತು.

ತಿರುವು ದಾಟಿದೆ... ಎದುರಿಗೆ ಕುರಿಗಳು! ಬೇಸಿಗೆಯ ಹುಲ್ಲುಗಾವಲಿನಿಂದ ಇಳಿಯುತ್ತಿದ್ದ ಮಂದೆ. ರಸ್ತೆ ತುಂಬ ಉಣ್ಣೆ. ಕುದುರೆಯ ಮೇಲೆ ಒಬ್ಬ ಮುದುಕ ಕುರುಬ.

ಡಾಕ್ಟರ್ ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಏ ಸೂರಾನ್! ನಿನ್ನ ಲಿವರ್ ಹೆಂಗಿದೆಯೋ?"

"ಚೆನ್ನಾಗಿದೆ ಡಾಕ್ಟರಮ್ಮಾ! ನಿಮ್ಮ ದಯೆ!"

"ಹಾಗಾದ್ರೆ ದಾರಿ ಬಿಡು. ಹಿಂದೆ ಬರೋನಿಗೆ ಮಾತ್ರ ಬಿಡಬೇಡ!"

ಮುದುಕ ಸಿಳ್ಳೆ ಹಾಕಿದ. ಮಂದೆ ಸೀಳಿ ದಾರಿಯಾಯಿತು. ನಾವು ದಾಟಿದೆವು. ಮಂದೆ ಮತ್ತೆ ಮುಚ್ಚಿಕೊಂಡಿತು. ಹಿಂದೆ ಮಕ್ಸಾತ್ ಹಾರ್ನ್ ಬಾರಿಸುತ್ತಲೇ ಇದ್ದ. ಕುರಿಗಳಿಗೆ ಅವನು ಯಾರ ಡ್ರೈವರ್ ಎಂದು ಗೊತ್ತಿರಲಿಲ್ಲ, ನೋಡಿ.

ನನ್ನ ಉದ್ಯೋಗ ಹೇಳಲೇ ಇಲ್ಲ ಅಲ್ಲವೇ? ಹೇಳಿಕೊಳ್ಳುವಂಥದ್ದೂ ಅಲ್ಲ.

ಹದಿನೈದು ವರ್ಷ ಪೊಲೀಸ್. ಆಮೇಲೆ ರಾಜಧಾನಿ ಬಿಶ್ಕೆಕ್‌ನ ಬಿಳಿ ಕೋಟುಗಳ ಸೇವೆ. ವಿಜ್ಞಾನಿಗಳಿಗೆ ಒಂದು ನಂಬರ್ ಇರುತ್ತದೆ, 'ಹಿರ್ಷ್' ಅನ್ನುತ್ತಾರೆ. ಎಷ್ಟು ಲೇಖನ ಬರೆದಿರಿ, ಅವನ್ನು ಎಷ್ಟು ಜನ ತಮ್ಮ ಲೇಖನದಲ್ಲಿ ಹೆಸರಿಸಿದರು... ಎರಡನ್ನೂ ತೂಗಿ ತೆಗೆದ ನಂಬರ್. ಅದು ಏರಿದರೆ ಪದವಿ, ಕುರ್ಚಿ, ಅಕಾಡೆಮಿ. ಏರಿಸುವುದು ನನ್ನ ಕೆಲಸ. ಲೇಖನ ಬರೆಸುತ್ತೇನೆ, ವಿಜ್ಞಾನ ಪತ್ರಿಕೆಗಳಲ್ಲಿ ಅಚ್ಚಾಗಿಸುತ್ತೇನೆ, ಹೆಸರಿಸುವವರನ್ನೂ ಹುಡುಕಿ ಕೊಡುತ್ತೇನೆ.

ಪ್ರೊಫೆಸರ್ ಶಾರ್ಷೆನ್ ಬಂದಾಗ ಅವರ ಹಿರ್ಷ್ ಒಂಬತ್ತು. ಈಗ ಮೂವತ್ತೊಂದು. ನಾನು ಬರೆಸಿದ ಲೇಖನವೇ ನೂರಾ ನಲವತ್ತು! ಅಷ್ಟನ್ನೂ ಅವರು ಓದಿಯೂ ಇಲ್ಲ.

ಡಾಕ್ಟರ್ ಉಲ್ಕಾನ್ ಬರೆದದ್ದು ಒಂದೇ ಒಂದು. ಬರೆಯಲು ಪುರುಸೊತ್ತೆಲ್ಲಿ? ಹತ್ತೊಂಬತ್ತು ವರ್ಷ ಸ್ಕ್ಯಾನಿಂಗ್ ಮೆಷಿನ್ ಕುದುರೆಗೆ ಕಟ್ಟಿಕೊಂಡು ಅಲಾಯ್ ಕಣಿವೆಯ ಹಳ್ಳಿ ಸುತ್ತಿದ್ದಾರೆ. ಅಲ್ಲಿ ನಾಯಿಯಿಂದ ಒಂದು ಹುಳು ಬರುತ್ತದೆ. ಮನುಷ್ಯನ ಲಿವರ್‌ನಲ್ಲಿ ಗೂಡು ಕಟ್ಟುತ್ತದೆ. ಮಾತ್ರೆ ಇದೆ, ಆದರೆ ಎರಡು ವರ್ಷ ಬಿಡದೆ ನುಂಗಬೇಕು. ನುಂಗಿದವರು, ಬಿಟ್ಟವರು, ಸತ್ತವರು... ಎಲ್ಲರೂ ಆ ರಿಜಿಸ್ಟರಿನಲ್ಲಿದ್ದರು.

ಲೆಕ್ಕವನ್ನು ಪ್ರತಿವರ್ಷ ಇನ್‌ಸ್ಟಿಟ್ಯೂಟಿಗೆ ಕಳಿಸುತ್ತಿದ್ದರು. ಅದು ಪ್ರೊಫೆಸರ್ ಮೇಜಿಗೆ ಬಂತು. ಮೇಜಿನಿಂದ ನನ್ನ ಕೈಗೆ.

ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಕೆಸರು ಈಕೆಯ ಕೈಗೆ, ಮೊಸರು ಅವರ ಬಾಯಿಗೆ.

"ಎರಡು ವರ್ಷ ಅಂದ್ರೆ ಹಳೇ ಕತೆ ಕಣೋ," ಅಂದಿದ್ದರು ಪ್ರೊಫೆಸರ್. "ಪತ್ರಿಕೆಯೋರಿಗೆ ಹೊಸದು ಬೇಕು. ಮೂರು ತಿಂಗಳು ಅಂತ ಮಾಡು."

ಮಾಡಿದೆ. ಒಂದು ಸಂಜೆಯ ಕೆಲಸ. ಅವರೇ ಮೊದಲ ಲೇಖಕ, ಉಲ್ಕಾನ್ ಹೆಸರೇ ಇಲ್ಲ. ಲೇಖನ ಓಡಿತು! ನಾನೂ ಓಡಿಸಿದೆ. ನೂರಾರು ಜನ ಹೆಸರಿಸಿದರು. ಅಷ್ಟು ಜನ ಹೆಸರಿಸಿದ ಮೇಲೆ ನಿಜವೇ ಇರಬೇಕು ಎಂದು ಮೇಲಿನವರು ಆದೇಶ ಹೊರಡಿಸಿದರು. ಹಳ್ಳಿ ಆಸ್ಪತ್ರೆಗಳಲ್ಲಿ ಮಾತ್ರೆ ಮೂರು ತಿಂಗಳಿಗೆ ನಿಂತಿತು.

ಡಾಕ್ಟರ್ ಪತ್ರಿಕೆಗೆ ದೂರು ಬರೆದರು. ಪತ್ರಿಕೆಯಿಂದ ಎರಡು ಕಡೆಗೂ ಇಮೇಲ್ ಹೋಯಿತು: ಮೂಲ ದಾಖಲೆ ತೋರಿಸಿ, ಇಲ್ಲವೇ ಲೇಖಕರೇ ತಪ್ಪು ಒಪ್ಪಿಕೊಳ್ಳಲಿ, ಲೇಖನ ಹಿಂತೆಗೆಯುತ್ತೇವೆ. ಪ್ರೊಫೆಸರ್‌ಗೆ ಬಂದದ್ದನ್ನು ಓದಿ ಹೇಳಿದವನು ನಾನೇ.

"ಶನಿವಾರ ನನ್ನ ಎಪ್ಪತ್ತರ ಹಬ್ಬ, ಮುಂದಿನ ತಿಂಗಳು ಅಕಾಡೆಮಿ ಆಯ್ಕೆ," ಅಂದರು. "ಅವಳ ಆ ರಿಜಿಸ್ಟರ್ ಪುಸ್ತಕ ತಗೊಂಡು ಬಾ."

"ಆಗಲಿ, ಅಗಾಯ್." ಇಲ್ಲಿ ಗುರುಗಳನ್ನು ಹಾಗೇ ಕರೆಯುತ್ತಾರೆ. ನಾನೂ ಕರೆಯುತ್ತೇನೆ. ನಾಲಿಗೆಗೆ ಏನು ಕಷ್ಟ?

ಕದಿಯಲೆಂದೇ ಹೋದೆ. ಡಾಕ್ಟರ್ ಉಲ್ಕಾನ್ ನನ್ನನ್ನು ದಾಖಲೆ ನೋಡಲು ಬಂದ ಪತ್ರಿಕೆಯವನೆಂದುಕೊಂಡರು. ಚಹಾ ಕೊಟ್ಟರು. ಒಂದು ಮನೆಗೆ ಕರೆದೊಯ್ದರು.

ಬಾತ್ಮಾ. ಮೂವತ್ತೊಂದು ವರ್ಷ, ಎರಡು ಮಕ್ಕಳು. ಮೈಯೆಲ್ಲ ಹಳದಿ. ಗೋಡೆಗೆ ಒರಗಿ ಉಣ್ಣೆ ಬಿಡಿಸುತ್ತಿದ್ದಳು.

"ಮೂರೇ ತಿಂಗಳು ಸಾಕು ಅಂದ್ರು ಅಣ್ಣಾ," ಅಂದಳು. "ಬಿಶ್ಕೆಕ್‌ನಲ್ಲಿ ದೊಡ್ಡೋರು ಬರೆದಿದ್ದಾರಂತೆ. ದೊಡ್ಡೋರು ಸುಳ್ಳು ಬರೀತಾರಾ?"

ನನಗೆ ನಾಚಿಕೆಯಾಯಿತು. ಪೊಲೀಸನಾಗಿದ್ದಾಗಲೂ ಆಗಿರದಷ್ಟು.

ಅಂಗಳಕ್ಕೆ ಬಂದು ಡಾಕ್ಟರಿಗೆ ಎಲ್ಲ ಹೇಳಿಬಿಟ್ಟೆ. ಕೆನ್ನೆಗೆ ಒಂದು ಬಿಟ್ಟರು! ಆಮೇಲೆ ಕೇಳಿದರು: "ಕಾರಿದೆಯಾ? ಪಟ್ಟಣಕ್ಕೆ ಹೋಗಿ ಈ ರಿಜಿಸ್ಟರ್ ಪತ್ರಿಕೆಗೆ ಕಳಿಸಬೇಕು."

ನಾನು ಅಗಾಯ್‌ಗೆ ಫೋನ್ ಮಾಡಿ "ಪುಸ್ತಕ ಸಿಗೋದಿಲ್ಲ" ಅಂದೆ. ಮೂರ್ಖ ಕೆಲಸ. ಅವರು ನನ್ನನ್ನು ನಂಬಿರಲಿಲ್ಲ. ಮಕ್ಸಾತ್ ಆಗಲೇ ಊರಾಚೆ ಕಾಯುತ್ತಿದ್ದ.

ಕುರಿಗಳು ನಮಗೆ ಕೊಟ್ಟದ್ದು ಇಪ್ಪತ್ತು ನಿಮಿಷ. ಗುಲ್ಚಾ ಹೊಳೆಯ ಸೇತುವೆಯ ಮೇಲೆ ರೇಡಿಯೇಟರ್ ಕುದಿದು ಕಾರು ನಿಂತಿತು.

ಜೀಪು ಬಂತು. ಮಕ್ಸಾತ್ ಇಳಿದ. ಎದೆಯ ಮೇಲೆ ಕೈಯಿಟ್ಟು ನಮಸ್ಕರಿಸಿದ. ಸಂಸ್ಕಾರವಂತ!

"ಕುಬಾನ್ ಅಣ್ಣ, ನಿಮ್ಮ ಮೇಲೆ ಗೌರವ ಇದೆ."

"ಗೊತ್ತು ಕಣಪ್ಪ."

ನನ್ನ ಬಲಗೈಯ ಕಿರುಬೆರಳು ಹಿಡಿದು ಹಿಂದಕ್ಕೆ ಮಡಚಿದ. ಲಟಕ್!

ಕಣ್ಣಿಗೆ ಕತ್ತಲೆ ಕವಿಯಿತು.

"ಡಾಕ್ಟರಕ್ಕಾ, ಇವರಿಗೆ ಇನ್ನೂ ಒಂಬತ್ತಿವೆ. ಪುಸ್ತಕ ಕೊಡ್ತೀರಾ?"

"ಕೊಡಬೇಡಿ!" ಅಂದೆ ನಾನು.

ಅವರು ನನ್ನ ಕೈ ನೋಡಿದರು. ಕೊಟ್ಟುಬಿಟ್ಟರು. ಅವನು ಹೊಳೆಗೆ ಎಸೆದ.

ಹತ್ತೊಂಬತ್ತು ವರ್ಷ... ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಡಾಕ್ಟರ್ ಅಳಲಿಲ್ಲ. ಕಾರಿನಿಂದ ಕಡ್ಡಿ ತೆಗೆದು ನನ್ನ ಬೆರಳಿಗೆ ಕಟ್ಟಿದರು.

"ಫೋಟೋ ತೆಗೆದಿಟ್ಟಿದ್ದೀರಾ ಅಕ್ಕಾ?"

"ಯಾರೋ ಹೊಳೆಗೆ ಎಸೀತಾರೆ ಅಂತ ಯಾವಳಿಗೆ ಗೊತ್ತಿತ್ತು?" ಗಂಟು ಬಿಗಿದರು. "ಮುಗೀತು. ಇನ್ನು ಲೇಖಕನೇ ತಪ್ಪು ಒಪ್ಪಿಕೊಂಡು ಬರೀಬೇಕು. ಶಾರ್ಷೆನ್ ಬರೀತಾನಾ?"

ನಾನು ನಗತೊಡಗಿದೆ. ನೋವಿಗೆ ತಲೆ ಕೆಟ್ಟಿತೆಂದುಕೊಂಡರು.

"ಬರೀತಾರೆ ಅಕ್ಕಾ! ಅಗಾಯ್ ಇವತ್ತಿನವರೆಗೂ ಒಂದು ಇಮೇಲ್ ಮುಟ್ಟಿಲ್ಲ. ಅವರ ಹೆಸರಲ್ಲಿ ವಿಳಾಸ ಮಾಡಿದ್ದು ನಾನು. ಪಾಸ್‌ವರ್ಡ್ ನನ್ನ ಕುದುರೆ ಹೆಸರು. ಪತ್ರಿಕೆಯ ಕಣ್ಣಿಗೆ ಆ ಲೇಖಕ ನಾನೇ!"

ಶನಿವಾರ ಮಧ್ಯಾಹ್ನ, ಬಿಶ್ಕೆಕ್. ಮುನ್ನೂರು ಅತಿಥಿಗಳು. ಪುಸ್ತಕ ಹೊಳೆ ಸೇರಿದ ಮೇಲೆ ಅಗಾಯ್ ನನ್ನನ್ನು ಕ್ಷಮಿಸಿದ್ದರು. "ಬಾ, ಮಾಂಸ ತಿನ್ನು, ಮೂಳೆ ಕೂಡುತ್ತೆ" ಎಂದು ಹೇಳಿ ಕಳಿಸಿದ್ದರು. ಕೊನೆಯ ಮೇಜು ನನ್ನದು. ಬೆನ್ನ ಹಿಂದೆ ಮಕ್ಸಾತ್.

ವೇದಿಕೆಯಲ್ಲಿ ಉಡುಗೊರೆಗಳು. ತಲೆಗೆ ಬಿಳಿ ಕಲ್ಪಾಕ್ ಟೋಪಿ ಬಂತು. ಹೆಗಲಿಗೆ ಜರಿಯ ನಿಲುವಂಗಿ ಹೊದಿಸಿದರು. ಹೊರಗೆ ಒಂದು ಕುದುರೆ ಕಟ್ಟಿತ್ತು.

"ನಮ್ಮ ವಿಭಾಗದಿಂದ," ಎಂದ ಒಬ್ಬ ಮೈಕಿನಲ್ಲಿ, "ಈ ವರ್ಷದ ಹದಿನೆಂಟು ಲೇಖನಗಳಲ್ಲಿ ಅಗಾಯ್ ಅವರನ್ನೇ ಹೆಸರಿಸಿದ್ದೇವೆ!"

ಚಪ್ಪಾಳೆ!

"ನಮ್ಮಿಂದ ಇಪ್ಪತ್ತೆರಡು!"

ಇನ್ನೂ ಜೋರು ಚಪ್ಪಾಳೆ. ಬಾತ್ಮಾಳ ಹಳದಿ ಕೈ ನೆನಪಾಗಿ ನಾನು ತಟ್ಟೆ ಪಕ್ಕಕ್ಕೆ ಸರಿಸಿದೆ.

ಆ ಪತ್ರವನ್ನು ಎಲ್ಲಿಂದ ಬೇಕಾದರೂ ಕಳಿಸಬಹುದಿತ್ತು. ಆದರೆ ಆ ಮುಖ ನೋಡಬೇಕಿತ್ತು. ಮೇಜಿನ ಕೆಳಗೆ ಫೋನ್ ತೆಗೆದೆ. ಎಡಗೈಯಲ್ಲೇ ಒತ್ತಿದೆ. 'ಲೇಖನದ ಲೆಕ್ಕ ತಪ್ಪು. ಮಾತ್ರೆ ಎರಡು ವರ್ಷ ಬೇಕು. ಲೆಕ್ಕ ನನ್ನದಲ್ಲ, ಡಾಕ್ಟರ್ ಉಲ್ಕಾನ್ ಅವರದು. ದಯವಿಟ್ಟು ಹಿಂತೆಗೆಯಿರಿ. ಇಂತಿ, ಪ್ರೊಫೆಸರ್ ಶಾರ್ಷೆನ್.'

ಕತ್ತಿನ ಮೇಲೆ ದಪ್ಪ ಕೈ ಬಿತ್ತು.

"ಏನದು ಅಣ್ಣ?"

"ಅಗಾಯ್‌ಗೆ ಉಡುಗೊರೆ."

ಬೆರಳು ಒತ್ತಿತು. ಹೋಯಿತು!

ಐದೇ ನಿಮಿಷದಲ್ಲಿ ನನ್ನನ್ನು ಅಡುಗೆಮನೆಗೆ ಎಳೆದರು. ಮಕ್ಸಾತ್ ನನ್ನ ಇನ್ನೊಂದು ಬೆರಳು ಹಿಡಿದು ನಿಂತ. ಅಗಾಯ್ ನಿಲುವಂಗಿಯಲ್ಲೇ ಬಂದರು. ಫೋನ್ ಓದಿದರು. ಮುಖ ಬೂದಿಯಾಯಿತು.

"ನಾಯಿ! ನಾನು ಬರೆದಿಲ್ಲ ಅಂತೀನಿ!"

"ಅನ್ನಿ. ಆ ವಿಳಾಸ ನನ್ನದಲ್ಲ ಅನ್ನಿ. ಹಾಗಾದ್ರೆ ಲೇಖನ ಕಳಿಸಿದ್ದು ಯಾರು ಅಂತಾರೆ. ಮಿಕ್ಕ ನೂರಾ ಮೂವತ್ತೊಂಬತ್ತೂ ಅದೇ ವಿಳಾಸದಿಂದಲೇ ಹೋಗಿವೆ, ಅಗಾಯ್."

ಬಾಯಲ್ಲಿ ಬಿಸಿತುಪ್ಪ. ಉಗುಳಲೂ ಆಗದು, ನುಂಗಲೂ ಆಗದು.

"ಮಕ್ಸಾತ್," ಎಂದರು ಕೊನೆಗೆ. "ಇವನ ಬೆರಳು ಬಿಡು."

ಗೆದ್ದೆ ಅಂದುಕೊಂಡಿರಾ? ನಾನೂ ಅಂದುಕೊಂಡಿದ್ದೆ.

ಪತ್ರಿಕೆ ಲೇಖನವನ್ನು ಹಿಂತೆಗೆಯಿತು. ಜೊತೆಗೆ ಸಂಪಾದಕರ ಟಿಪ್ಪಣಿ: ಎಪ್ಪತ್ತರ ವಯಸ್ಸಿನಲ್ಲೂ ತಪ್ಪೊಪ್ಪಿಕೊಂಡ ಮಹಾನುಭಾವ! ಉಲ್ಕಾನ್ ಹೆಸರಿದ್ದ ಸಾಲು ಜಾಗ ಸಾಲದೆ ಬಿಟ್ಟುಹೋಗಿತ್ತು. ಪೇಪರಿನವರು ಬರೆದರು. ಟಿವಿಯವರು ಕರೆದರು. ವಿಜ್ಞಾನಿಯ ಪ್ರಾಮಾಣಿಕತೆ ಹೇಗಿರಬೇಕು ಎಂದು ಬರೆದವರೆಲ್ಲ ಅಗಾಯ್ ಪತ್ರವನ್ನೇ ಹೆಸರಿಸಿದರು. ಹಿರ್ಷ್ ಮೂವತ್ತೆರಡಾಯಿತು. ಅಕಾಡೆಮಿಯ ಕುರ್ಚಿಯೂ ಸಿಕ್ಕಿತು.

ಆದೇಶ ಬದಲಾಯಿತು. ಮಾತ್ರೆ ಮತ್ತೆ ಎರಡು ವರ್ಷ. ಅಲಾಯ್‌ಗೆ ಪೆಟ್ಟಿಗೆ ಬಂದ ದಿನ ಬಾತ್ಮಾ ತೀರಿಕೊಂಡ ನಲವತ್ತನೆಯ ದಿನದ ಊಟ ನಡೆಯುತ್ತಿತ್ತು. ನಾನೂ ಕೂತಿದ್ದೆ. ಅವಳ ಮಗಳು ನನಗೆ ರೊಟ್ಟಿ ಮುರಿದು ಕೊಟ್ಟಳು. ಡಾಕ್ಟರ್ ಉಲ್ಕಾನ್ ಅಂಗಳದಲ್ಲಿ ಹೊಸ ರಿಜಿಸ್ಟರ್ ಬಿಚ್ಚಿ, ಬಂದವರ ಹೊಟ್ಟೆಯ ಮೇಲೆಲ್ಲ ಮೆಷಿನ್ ಇಡುತ್ತಿದ್ದರು. ನನ್ನ ಕಡೆ ನೋಡಲೂ ಇಲ್ಲ.

ಆಗ ಫೋನ್ ಬಂತು. ಅಗಾಯ್! ದನಿಯಲ್ಲಿ ಜೇನು.

"ಕುಬಾನ್, ಹಳೇದೆಲ್ಲ ಮರೆತುಬಿಡಪ್ಪ. ಆ ಪತ್ರ ಲೇಖನಕ್ಕಿಂತ ಚೆನ್ನಾಗಿ ಓಡ್ತಲ್ಲೋ! ಇನ್ನೊಂದು ತಪ್ಪು ಒಪ್ಪಿಕೊಂಡ್ರೆ ಹೆಂಗೆ? ಯಾವುದಾದ್ರೂ ಸಿಗುತ್ತಾ ನೋಡು."

ಬೆರಳು ಇನ್ನೂ ನೆಟ್ಟಗಾಗಿರಲಿಲ್ಲ. ಆದರೆ ಒತ್ತಲು ಬರುತ್ತಿತ್ತು.

"ಇನ್ನೂ ನೂರಾ ಮೂವತ್ತೊಂಬತ್ತಿವೆ, ಅಗಾಯ್. ಮೊದಲನೇದರಿಂದಲೇ ಶುರುಮಾಡೋಣವಾ?"